ಮುಂದೊಂದು ಹೊತ್ತಿಗೆ, ಒಂದೇ ಸಲ: ವೆಬ್ ಆಪ್‌ನಲ್ಲಿ ಆಮೇಲಿನ ಕೆಲಸಗಳನ್ನು ನಿಭಾಯಿಸುವುದು ಹೇಗೆ

ನಾನು ಮಂಡ್ಯದಲ್ಲಿ ಕೂತು ಸಣ್ಣ ವ್ಯವಹಾರದವರಿಗೆ ವೆಬ್ ಆಪ್ ಮಾಡಿಕೊಡುತ್ತೇನೆ. ಬೀಜ-ಗೊಬ್ಬರದ ಅಂಗಡಿ, ಟ್ಯೂಷನ್ ಸೆಂಟರ್, ಲ್ಯಾಬ್, ಹೀಗೆ. ವ್ಯವಹಾರ ಯಾವುದೇ ಇರಲಿ, ಎಲ್ಲರೂ ಒಂದಲ್ಲ ಒಂದು ದಿನ ಬಂದು ಕೇಳುವುದು ಒಂದೇ. "ಇದು ಈಗ ಬೇಡ. ಎರಡು ದಿನ ಬಿಟ್ಟು ತಾನಾಗೇ ಆಗಬೇಕು." ದಿನಾ ಆಗುವ ಕೆಲಸ ಅಲ್ಲ. ಇಂಥ ಹೊತ್ತಿಗೆ, ಒಂದೇ ಸಲ. ಕೇಳುವುದಕ್ಕೆ ಸುಲಭ, ಮಾಡುವಾಗ ಸಂದಿಗೊಂದಿ ಜಾಸ್ತಿ.

ಉದಾಹರಣೆಗೆ ಒಂದು ಮದುವೆ ಛತ್ರದ ಬುಕಿಂಗ್ ಆಪ್ ತೆಗೆದುಕೊಳ್ಳೋಣ. ಅಲ್ಲಿನ ಮ್ಯಾನೇಜರ್ ಹತ್ತಿರ ಒಂದು ದಪ್ಪ ಡೈರಿ ಇತ್ತು. ಫೋನ್ ಮಾಡಿ ತಾರೀಕು ಕೇಳಿದವರ ಹೆಸರು ಪೆನ್ಸಿಲ್‌ನಲ್ಲಿ. ಅಡ್ವಾನ್ಸ್ ಬಂದ ಮೇಲೆ ಅದೇ ಹೆಸರು ಪೆನ್ನಿನಲ್ಲಿ. ಎರಡು ದಿನ ನೋಡಿ ದುಡ್ಡು ಬರದಿದ್ದರೆ ರಬ್ಬರ್ ತೆಗೆದು ಅಳಿಸುತ್ತಿದ್ದರು. ಆಪ್ ಬೇಕು ಅಂದಾಗ ಅವರು ಹೇಳಿದ್ದು ಇಷ್ಟೇ: "ನೋಡವ್ವ, ಆ ರಬ್ಬರ್ ಕೆಲ್ಸಾನ ನಿನ್ ಕಂಪ್ಯೂಟ್ರು ಮಾಡ್ಬೇಕು. ಮಿಕ್ಕಿದ್ದೆಲ್ಲ ನಾನ್ ನೋಡ್ಕತೀನಿ."

ರಬ್ಬರ್ ಕೆಲಸದ ಹಿಂದೆಯೇ ಇನ್ನೂ ನಾಲ್ಕು ಬಂದವು. ತಾರೀಕು ಕೈಬಿಡುವ ಮುಂಚೆ ಪಾರ್ಟಿಗೆ ಒಂದು ಎಚ್ಚರಿಕೆ ಮೆಸೇಜ್. ಮದುವೆಗೆ ಏಳು ದಿನ ಇರುವಾಗ ಬಾಕಿ ಹಣದ ನೆನಪು. ಹಿಂದಿನ ದಿನ ಬೆಳಿಗ್ಗೆ ಛತ್ರದ ಹುಡುಗರಿಗೆ ಸಿಲಿಂಡರ್, ಪಾತ್ರೆ, ಜನರೇಟರ್ ಡೀಸೆಲ್ ಪಟ್ಟಿ. ಮದುವೆ ಮುಗಿದು ಮೂರು ದಿನಕ್ಕೆ ಡೆಪಾಸಿಟ್ ವಾಪಸ್ ಕೊಡಬೇಕು ಅಂತ ಮ್ಯಾನೇಜರ್‌ಗೆ ಸೂಚನೆ. ಎಲ್ಲವೂ ಒಂದೇ ಜಾತಿಯ ಕೆಲಸಗಳು.

ಟೈಮರ್, ಕ್ರಾನ್, ಅಟ್

ಮೊದಲು ಕೈ ಹೋಗುವುದು ಪ್ರೋಗ್ರಾಂ ಒಳಗಿನ ಟೈಮರ್ ಕಡೆಗೆ. ಜಾವಾಸ್ಕ್ರಿಪ್ಟ್‌ನಲ್ಲಿ ಸೆಟ್‌ಟೈಮ್‌ಔಟ್ ಹಾಕಿ, 48 ಗಂಟೆ ಕೊಟ್ಟರೆ ಆಯಿತಲ್ಲ ಅನಿಸುತ್ತದೆ. ಆಗುವುದಿಲ್ಲ. ಆ ಟೈಮರ್ ಇರುವುದು ಪ್ರೋಗ್ರಾಂನ ಮೆಮೊರಿಯಲ್ಲಿ. ನಾಳೆ ನೀವು ಹೊಸ ಕೋಡ್ ಹಾಕಿ ರೀಸ್ಟಾರ್ಟ್ ಮಾಡಿದರೆ ಕಾಯುತ್ತಿದ್ದ ಟೈಮರ್‌ಗಳೆಲ್ಲ ಹೋದವು. ಹೋಗಿದ್ದು ಯಾರಿಗೂ ಗೊತ್ತಾಗುವುದೂ ಇಲ್ಲ, ಎರರ್ ಕೂಡ ಬರುವುದಿಲ್ಲ.

ಇದರ ಮೇಲೆ ಇನ್ನೊಂದು ಚಮತ್ಕಾರ ಇದೆ. ನೋಡ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಸೆಟ್‌ಟೈಮ್‌ಔಟ್‌ಗೆ ಕೊಡಬಹುದಾದ ದೊಡ್ಡ ಸಂಖ್ಯೆ 2147483647 ಮಿಲಿಸೆಕೆಂಡ್. ಅಂದರೆ 24 ದಿನ 20 ಗಂಟೆ ಚಿಲ್ಲರೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಅದು ಅಷ್ಟು ದಿನ ಕಾಯುವುದಿಲ್ಲ, 1 ಮಿಲಿಸೆಕೆಂಡ್ ಅಂತ ತಿಳಿದುಕೊಂಡು ತಕ್ಷಣ ಓಡಿಬಿಡುತ್ತದೆ. ಕಾರ್ತಿಕದಲ್ಲಿ ಬುಕ್ ಮಾಡಿದ ವೈಶಾಖದ ಮದುವೆಗೆ "ಇನ್ನು ಏಳೇ ದಿನ, ಬಾಕಿ ಕಟ್ಟಿ" ಅನ್ನುವ ಮೆಸೇಜ್ ಬುಕ್ ಮಾಡಿದ ಗಳಿಗೆಯಲ್ಲೇ ಹೋಗುತ್ತದೆ. ಬ್ರೌಸರ್‌ಗಳಲ್ಲೂ ಕಥೆ ಹೆಚ್ಚುಕಡಿಮೆ ಇದೇ.

ಕ್ರಾನ್? ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ, ಸರ್ವರ್‌ನಲ್ಲೇ ಇರುವ ಸೌಲಭ್ಯ. ಆದರೆ ಅದು ಮತ್ತೆ ಮತ್ತೆ ಆಗುವ ಕೆಲಸಕ್ಕೆ. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ ಅಂತ ಐದು ಜಾಗ ಇವೆ, ವರ್ಷಕ್ಕೆ ಜಾಗವೇ ಇಲ್ಲ. ಮೇ 12ಕ್ಕೆ ಅಂತ ಬರೆದರೆ ಮುಂದಿನ ವರ್ಷದ ಮೇ 12ಕ್ಕೂ ಓಡುತ್ತದೆ. ಒಂದೊಂದು ಬುಕಿಂಗ್‌ಗೆ ಒಂದೊಂದು ಕ್ರಾನ್ ಸಾಲು ಸೇರಿಸಿ, ಆಮೇಲೆ ಅಳಿಸುವುದು ಯಾರಿಗೆ ಬೇಕು? ಆದರೂ ಕ್ರಾನ್ ಅನ್ನು ಪೂರ್ತಿ ಬಿಡಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಲಿನಕ್ಸ್‌ನಲ್ಲಿ ಅಟ್ ಅನ್ನುವ ಹಳೆಯ ಕಮಾಂಡ್ ಇದೆ. ಅದು ಇರುವುದೇ ಒಂದೇ ಸಲದ ಕೆಲಸಕ್ಕೆ. ರೀಸ್ಟಾರ್ಟ್ ಆದರೂ ಉಳಿಯುತ್ತದೆ. ಆದರೆ ಅದು ಆ ಒಂದು ಮೆಷಿನ್‌ಗೆ ಅಂಟಿಕೊಂಡಿರುತ್ತದೆ. ಸರ್ವರ್ ಬದಲಾಯಿಸಿದಿರೋ, ಅಲ್ಲಿಗೆ ಮುಗಿಯಿತು. ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಸಂಜೆ ಏನೋ ಒಂದು ಓಡಿಸಬೇಕು ಅಂದರೆ ಅಟ್ ಒಳ್ಳೆಯದು. ಗಿರಾಕಿಯ ಬುಕಿಂಗ್‌ಗೆ ಬೇಡ.

ಒಂದು ಟೇಬಲ್ ಸಾಕು

ನಾನು ಮಾಡುವುದು ಹೀಗೆ. ಮುಂದೆ ಆಗಬೇಕಾದ ಪ್ರತಿ ಕೆಲಸವೂ ಡೇಟಾಬೇಸ್‌ನಲ್ಲಿ ಒಂದು ಸಾಲು. ಟೇಬಲ್ ಹೆಸರು ಏನಾದರೂ ಇರಲಿ. ಕಾಲಂಗಳು ಇಷ್ಟು: ಕೆಲಸದ ಹೆಸರು, ಯಾವ ಬುಕಿಂಗ್‌ಗೆ, ಯಾವಾಗ ಓಡಬೇಕು, ಇಷ್ಟು ಹೊತ್ತು ದಾಟಿದರೆ ಬೇಡ, ಸ್ಥಿತಿ, ಎಷ್ಟು ಸಲ ಪ್ರಯತ್ನ ಆಯಿತು, ಯಾವಾಗ ಕೈಗೆತ್ತಿಕೊಂಡಿತು, ಕೊನೆಯ ಎರರ್ ಏನು. ಸ್ಥಿತಿಯಲ್ಲಿ ನಾಲ್ಕೇ ಮಾತು: ಕಾಯುತ್ತಿದೆ, ನಡೆಯುತ್ತಿದೆ, ಮುಗಿಯಿತು, ಸೋತಿತು.

ಯಾವಾಗ ಓಡಬೇಕು ಅನ್ನುವ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಹಾಕಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ಕಾಯುತ್ತಿರುವ ಸಾಲುಗಳಿಗೆ ಮಾತ್ರ ಪಾರ್ಷಿಯಲ್ ಇಂಡೆಕ್ಸ್ ಹಾಕಬಹುದು. ಮುಗಿದ ಸಾಲು ಲಕ್ಷ ಆದರೂ ಹುಡುಕಾಟ ಸಣ್ಣದಾಗೇ ಇರುತ್ತದೆ.

ಮುಖ್ಯವಾದ ಮಾತು: ಬುಕಿಂಗ್ ಸಾಲು ಬರೆಯುವ ಟ್ರಾನ್ಸಾಕ್ಷನ್ ಒಳಗೇ ಈ ಕೆಲಸದ ಸಾಲನ್ನೂ ಬರೆಯಿರಿ. ಎರಡೂ ಉಳಿಯಬೇಕು, ಇಲ್ಲಾ ಎರಡೂ ಹೋಗಬೇಕು. ಬುಕಿಂಗ್ ಉಳಿದು ಕೆಲಸದ ಸಾಲು ಹೋದರೆ ಆ ತಾರೀಕನ್ನು ಕೈಬಿಡುವವರೇ ಇಲ್ಲ. ಬುಕಿಂಗ್ ಹೋಗಿ ಕೆಲಸ ಉಳಿದರೆ ಇಲ್ಲದ ಬುಕಿಂಗ್‌ಗೆ ಮೆಸೇಜ್ ಹೋಗುತ್ತದೆ. ಕೆಲಸವನ್ನು ರೆಡಿಸ್‌ನಲ್ಲೋ (ಮೆಮೊರಿಯಲ್ಲಿ ಡೇಟಾ ಇಡುವ ಸಾಫ್ಟ್‌ವೇರ್) ಬೇರೆ ಕ್ಯೂನಲ್ಲೋ (ಕೆಲಸಗಳ ಸರದಿ) ಇಟ್ಟರೆ ಈ ಗ್ಯಾರಂಟಿ ಸಿಗುವುದಿಲ್ಲ, ಎರಡೂ ಬೇರೆ ಬೇರೆ ಮನೆ. ಸಣ್ಣ ಆಪ್‌ಗೆ ಡೇಟಾಬೇಸ್ ಟೇಬಲ್ಲೇ ಸರಿ ಅಂತ ನಾನು ಹಟ ಮಾಡುವುದು ಇದೇ ಕಾರಣಕ್ಕೆ.

ಒಂದು ಬುಕಿಂಗ್‌ಗೆ ಒಂದೇ ರಬ್ಬರ್ ಕೆಲಸ ಇರುವಂತೆ, ಕೆಲಸದ ಹೆಸರು ಮತ್ತು ಬುಕಿಂಗ್ ನಂಬರ್ ಎರಡನ್ನೂ ಸೇರಿಸಿ ಯೂನಿಕ್ ಮಾಡಿಡಿ. ಪಾರ್ಟಿ ಬಟನ್ ಎರಡು ಸಲ ಒತ್ತಿದರೂ ಸಾಲು ಒಂದೇ.

ಎತ್ತಿಕೊಳ್ಳುವವನು

ಈಗ ಸಾಲುಗಳನ್ನು ನೋಡುತ್ತಾ ಕೂರುವ ವರ್ಕರ್ ಬೇಕು. ಹತ್ತು ಸೆಕೆಂಡಿಗೊಮ್ಮೆ ಎದ್ದು, ಹೊತ್ತಾದ ಸಾಲು ಯಾವುದಿದೆ ಅಂತ ನೋಡಿ, ಮಾಡಿ, ಮತ್ತೆ ಮಲಗುವ ಚಿಕ್ಕ ಪ್ರೋಗ್ರಾಂ. ಪ್ರತ್ಯೇಕ ವರ್ಕರ್ ಓಡಿಸಲು ಬಿಡದ ಅಗ್ಗದ ಹೋಸ್ಟಿಂಗ್‌ನಲ್ಲಿ ಇದ್ದೀರಾ? ಪರವಾಗಿಲ್ಲ. ಅಲ್ಲಿ ಕ್ರಾನ್ ಇರುತ್ತದೆ. ನಿಮಿಷಕ್ಕೊಮ್ಮೆ ಓಡುವ ಒಂದೇ ಒಂದು ಕ್ರಾನ್ ಸಾಲು ಹಾಕಿ, ಅದು ಟೇಬಲ್ ನೋಡಿಕೊಳ್ಳಲಿ. ಛತ್ರದ ತಾರೀಕು ಒಂದು ನಿಮಿಷ ತಡವಾಗಿ ಬಿಡುಗಡೆ ಆದರೆ ಯಾರ ಮದುವೆಯೂ ನಿಲ್ಲುವುದಿಲ್ಲ.

ಎರಡು ವರ್ಕರ್ ಒಟ್ಟಿಗೆ ಓಡಿದರೆ ಒಂದೇ ಸಾಲಿಗೆ ಇಬ್ಬರೂ ಕೈ ಹಾಕಬಾರದು. ಇದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್ ಅಂತ ಇದೆ. 2016ರಲ್ಲಿ ಬಂದ 9.5ರಿಂದ ಸಿಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 8.0ರಿಂದ, ಮಾರಿಯಾಡಿಬಿಯಲ್ಲಿ 10.6ರಿಂದ. ಹಬ್ಬದ ಹಿಂದಿನ ದಿನ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಲಾಕ್ ಅಂದರೆ ಅದೇ. ಬರೀ ಫಾರ್ ಅಪ್‌ಡೇಟ್ ಹಾಕಿದರೆ ಎರಡನೆಯವನು ಆ ಟವೆಲ್ ಮುಂದೆಯೇ ನಿಂತು ಕಾಯುತ್ತಾನೆ. ಸ್ಕಿಪ್ ಲಾಕ್ಡ್ ಸೇರಿಸಿದರೆ ಟವೆಲ್ ಕಂಡ ಕೂಡಲೇ ಮುಂದಿನ ಸೀಟಿಗೆ ಹೋಗುತ್ತಾನೆ. ನಮಗೆ ಬೇಕಾದ್ದು ಇದು.

ಎಸ್‌ಕ್ಯೂಲೈಟ್‌ನಲ್ಲಿ ಇದಿಲ್ಲ, ಬೇಕಾಗಿಯೂ ಇಲ್ಲ. ಅಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. ಸಾಲನ್ನು 'ನಡೆಯುತ್ತಿದೆ' ಅಂತ ಒಂದೇ ಅಪ್‌ಡೇಟ್‌ನಲ್ಲಿ ಬದಲಾಯಿಸಿ, ರಿಟರ್ನಿಂಗ್ ಹಾಕಿ ಅದೇ ಸಾಲನ್ನು ವಾಪಸ್ ಪಡೆಯಿರಿ. 3.35ರಿಂದ ಇದಕ್ಕೆ ಅವಕಾಶ ಇದೆ.

ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಎಸ್‌ಎಂಎಸ್ ಕಳಿಸಲು ಹೋಗಬೇಡಿ. ಆ ಕಡೆಯವರು ಉತ್ತರ ಕೊಡಲು ಅರ್ಧ ನಿಮಿಷ ತೆಗೆದುಕೊಂಡರೆ ಅಷ್ಟು ಹೊತ್ತೂ ಡೇಟಾಬೇಸ್ ಕನೆಕ್ಷನ್ ಒಂದು ಸಿಕ್ಕಿಹಾಕಿಕೊಂಡಿರುತ್ತದೆ. ಸಾಲನ್ನು 'ನಡೆಯುತ್ತಿದೆ' ಅಂತ ಗುರುತು ಮಾಡಿ, ಕಮಿಟ್ ಮಾಡಿ ಟ್ರಾನ್ಸಾಕ್ಷನ್ ಮುಗಿಸಿ, ಆಮೇಲೆ ಹೊರಗಿನ ಕೆಲಸ ಮಾಡಿ. ಮುಗಿದ ಮೇಲೆ ಇನ್ನೊಂದು ಚಿಕ್ಕ ಅಪ್‌ಡೇಟ್.

ಹೀಗೆ ಮಾಡಿದಾಗ ಒಂದು ಸಂದು ಉಳಿಯುತ್ತದೆ. 'ನಡೆಯುತ್ತಿದೆ' ಅಂತ ಬರೆದ ಮೇಲೆ ವರ್ಕರ್ ಸತ್ತರೆ? ಆ ಸಾಲು ಹಾಗೇ ನಡೆಯುತ್ತಾ ಕೂತಿರುತ್ತದೆ. ಅದಕ್ಕೇ ಕೈಗೆತ್ತಿಕೊಂಡ ಹೊತ್ತಿನ ಕಾಲಂ. ಹತ್ತು ನಿಮಿಷಕ್ಕಿಂತ ಜಾಸ್ತಿ 'ನಡೆಯುತ್ತಿರುವ' ಸಾಲುಗಳನ್ನು ಮತ್ತೆ 'ಕಾಯುತ್ತಿದೆ'ಗೆ ತನ್ನಿ. ಹೊರಗಿನ ಕರೆಗಳಿಗೆ ಇಪ್ಪತ್ತು ಸೆಕೆಂಡಿನ ಟೈಮ್‌ಔಟ್ ಇದ್ದರೆ ಹತ್ತು ನಿಮಿಷ ಧಾರಾಳ ಆಯಿತು.

ಹೊತ್ತು ಬಂದಾಗ ಇನ್ನೊಮ್ಮೆ ಕೇಳಿ

ನಿಗದಿ ಮಾಡಿದ ಹೊತ್ತಿಗೂ ಓಡುವ ಹೊತ್ತಿಗೂ ನಡುವೆ ಲೋಕ ಬದಲಾಗಿರುತ್ತದೆ. ಪಾರ್ಟಿ ಅಡ್ವಾನ್ಸ್ ಕಟ್ಟಿರಬಹುದು. ತಾರೀಕು ಬದಲಾಯಿಸಿರಬಹುದು. ಜಾತಕ ಕೂಡಿಬರದೆ ಮದುವೆಯೇ ಮುರಿದಿರಬಹುದು.

ಹಾಗಾದಾಗಲೆಲ್ಲ ಕೆಲಸದ ಸಾಲನ್ನು ಹುಡುಕಿ ರದ್ದು ಮಾಡಬೇಕು ಅಂತ ಹೊರಟರೆ, ಬುಕಿಂಗ್ ಬದಲಾಗುವ ಪ್ರತಿ ಜಾಗದಲ್ಲೂ ಆ ಕೋಡ್ ಬರೆಯಬೇಕು. ಒಂದು ಜಾಗ ಬಿಟ್ಟುಹೋಗಿಯೇ ಹೋಗುತ್ತದೆ. ಅದಕ್ಕಿಂತ, ಓಡುವಾಗಲೇ ಮತ್ತೆ ಕೇಳಿ: ಇದು ಈಗಲೂ ಬೇಕಾ? ಕೆಲಸದ ಸಾಲಿನಲ್ಲಿ ಪಾರ್ಟಿಯ ಹೆಸರು, ಫೋನ್ ನಂಬರ್, ಬಾಕಿ ಮೊತ್ತ ಇದನ್ನೆಲ್ಲ ತುಂಬಬೇಡಿ. ಬುಕಿಂಗ್ ನಂಬರ್ ಒಂದೇ ಇಡಿ. ಮಿಕ್ಕಿದ್ದನ್ನು ಆ ಗಳಿಗೆಯಲ್ಲಿ ಬುಕಿಂಗ್ ಸಾಲಿನಿಂದ ಓದಿ. ಆಗ ಹಳೆಯ ಬಾಕಿ, ಹಳೆಯ ನಂಬರ್ ಅನ್ನುವ ತಾಪತ್ರಯ ಇರುವುದಿಲ್ಲ.

ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಮನೆಯಲ್ಲಿ ಯಾರೋ ತೀರಿಕೊಂಡು ಸೂತಕ ಬಂದು ಮದುವೆ ಮುಂದಕ್ಕೆ ಹೋಗಿರುತ್ತದೆ. ಅಂಥ ಮನೆಗೆ "ನಿಮ್ಮ ಶುಭ ಸಮಾರಂಭಕ್ಕೆ ಇನ್ನು ಏಳೇ ದಿನ" ಅಂತ ಮೆಸೇಜ್ ಹೋದರೆ ಮ್ಯಾನೇಜರ್ ಯಾವ ಮುಖ ಇಟ್ಟುಕೊಂಡು ಫೋನ್ ಎತ್ತಬೇಕು? ನೆನಪಿನ ಕೆಲಸ ಓಡುವಾಗ ಬುಕಿಂಗ್‌ನ ಈಗಿನ ತಾರೀಕು ನೋಡಲಿ. ಏಳು ದಿನಕ್ಕಿಂತ ದೂರ ಇದ್ದರೆ ತನ್ನ ಹೊತ್ತನ್ನು ಹೊಸ ತಾರೀಕಿಗೆ ತಾನೇ ತಳ್ಳಿಕೊಂಡು ಸುಮ್ನೆ ಮಲಗಲಿ. ತಾರೀಕು ಹಿಂದಕ್ಕೆ ಬಂದಿದ್ದರೆ ಮಾತ್ರ ಇದು ಸಾಲದು. ಅಲ್ಲಿ ತಾರೀಕು ಬದಲಾಯಿಸುವ ಕೋಡೇ ಕೆಲಸದ ಹೊತ್ತನ್ನೂ ಬದಲಾಯಿಸಬೇಕು.

ಇನ್ನೊಂದು: ಒಂದು ಕೆಲಸ ಎರಡು ಸಲ ಓಡಬಹುದು ಅಂತಲೇ ತಿಳಿದು ಬರೆಯಿರಿ. ಎಸ್‌ಎಂಎಸ್ ಹೋಗಿ, 'ಮುಗಿಯಿತು' ಅಂತ ಬರೆಯುವ ಮುಂಚೆ ಕರೆಂಟ್ ಹೋದರೆ ಅದು ಮತ್ತೆ ಓಡಿಯೇ ಓಡುತ್ತದೆ. ಸರಿಯಾಗಿ ಒಂದೇ ಸಲ ಅನ್ನುವ ಗ್ಯಾರಂಟಿಯನ್ನು ಯಾವ ಕ್ಯೂ ಕೂಡ ಹೊರಗಿನ ಕೆಲಸಕ್ಕೆ ಕೊಡಲಾರದು. ರಬ್ಬರ್ ಕೆಲಸಕ್ಕೆ ಇದು ಸುಲಭ. 'ಬುಕಿಂಗ್‌ನ ಸ್ಥಿತಿ ಪೆನ್ಸಿಲ್ (ಅಡ್ವಾನ್ಸ್ ಬಾರದ್ದು) ಆಗಿದ್ದರೆ ಮಾತ್ರ ಖಾಲಿ ಮಾಡು' ಅಂತ ಷರತ್ತನ್ನು ಅಪ್‌ಡೇಟ್ ಒಳಗೇ ಇಡಿ. ಎರಡನೇ ಸಲ ಓಡಿದಾಗ ಯಾವ ಸಾಲೂ ಬದಲಾಗುವುದಿಲ್ಲ, ಅಷ್ಟೇ. ಮೆಸೇಜ್‌ಗೆ ಕಷ್ಟ. ಕೆಲವು ಗೇಟ್‌ವೇಗಳು (ಎಸ್‌ಎಂಎಸ್ ಕಳಿಸಿಕೊಡುವ ಸೇವೆಗಳು) ಮೆಸೇಜ್‌ಗೆ ನಾವು ಕೊಟ್ಟ ಗುರುತಿನ ನಂಬರ್ ಇಟ್ಟುಕೊಂಡು ಎರಡನೇದನ್ನು ತಡೆಯುತ್ತವೆ. ಆ ಸೌಲಭ್ಯ ಇದ್ದರೆ ಬಳಸಿ. ಇಲ್ಲದಿದ್ದರೆ ಬಾಕಿ ಹಣದ ನೆನಪು ಅಪರೂಪಕ್ಕೆ ಎರಡು ಸಲ ಹೋಗಲಿ ಬಿಡಿ. ಹೋಗದೇ ಇರುವುದಕ್ಕಿಂತ ವಾಸಿ. ದುಡ್ಡು ವಾಪಸ್ ಕೊಡುವ ಕೆಲಸಕ್ಕೆ ಈ ಧಾರಾಳ ನಡೆಯುವುದಿಲ್ಲ. ಡೆಪಾಸಿಟ್ ವಿಚಾರದಲ್ಲಿ ನಾನು ಸೂಚನೆಗೆ ನಿಲ್ಲಿಸಿದ್ದೇನೆ. ಕೊಡುವುದು ಮನುಷ್ಯನೇ.

ತಾರೀಕು ಖಾಲಿ ಆಗಲು ವರ್ಕರ್‌ಗೆ ಕಾಯಬೇಡಿ

ವರ್ಕರ್ ರಾತ್ರಿಯೆಲ್ಲ ನಿಂತುಹೋಗಿದೆ ಅಂದುಕೊಳ್ಳಿ. ಎರಡು ದಿನದ ಗಡುವು ಮುಗಿದ ತಾರೀಕು ಇನ್ನೂ ಪೆನ್ಸಿಲ್‌ನಲ್ಲೇ ಇದೆ. ಬೆಳಿಗ್ಗೆ ಇನ್ನೊಂದು ಪಾರ್ಟಿ ದುಡ್ಡು ಹಿಡಿದುಕೊಂಡು ಬಂದರೆ ಆಪ್ 'ಖಾಲಿ ಇಲ್ಲ' ಅನ್ನುತ್ತದೆ. ಇದು ತಪ್ಪು ವಿನ್ಯಾಸ.

ಗಡುವನ್ನು ಬುಕಿಂಗ್ ಸಾಲಿನಲ್ಲೇ ಇಡಿ. 'ಇಷ್ಟು ಹೊತ್ತಿನವರೆಗೆ ಹಿಡಿದಿದೆ' ಅನ್ನುವ ಕಾಲಂ. ತಾರೀಕು ಖಾಲಿ ಇದೆಯಾ ಅಂತ ನೋಡುವ ಕ್ವೆರಿ, ಗಡುವು ದಾಟಿದ ಪೆನ್ಸಿಲ್ ಸಾಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಆಗ ವರ್ಕರ್ ಸತ್ತಿದ್ದರೂ ತಾರೀಕು ಹೊತ್ತಿಗೆ ಸರಿಯಾಗಿ ಖಾಲಿ. ರಬ್ಬರ್ ಕೆಲಸಕ್ಕೆ ಉಳಿಯುವುದು ಹೊರಗಿನ ಪರಿಣಾಮ ಮಾತ್ರ: ಪಾರ್ಟಿಗೆ 'ನಿಮ್ಮ ತಾರೀಕು ಕೈಬಿಟ್ಟಿದ್ದೇವೆ' ಮೆಸೇಜ್, ಕಾಯುವ ಪಟ್ಟಿಯಲ್ಲಿ ಇರುವವರಿಗೆ ಸುದ್ದಿ, ಸ್ಥಿತಿಯ ಸ್ವಚ್ಛತೆ.

ಕೂಪನ್ ಮುಗಿಯುವುದು, ಓಟಿಪಿ ಹಳಸುವುದು, ಟ್ರಯಲ್ ಅವಧಿ ಕೊನೆಯಾಗುವುದು, ಇವೆಲ್ಲ ಇದೇ ತರ. ಗಡಿಯಾರ ನೋಡಿ ಹೇಳಬಹುದಾದ್ದಕ್ಕೆ ಕೆಲಸ ನಿಗದಿ ಮಾಡುವ ಅಗತ್ಯವೇ ಇರುವುದಿಲ್ಲ. ಅರ್ಧದಷ್ಟು ನಿಗದಿ ಕೆಲಸಗಳು ಇಲ್ಲೇ ಉದುರಿಹೋಗುತ್ತವೆ.

ಇಲ್ಲಿ ಒಂದು ಮುಳ್ಳು ಇದೆ. ಒಂದು ಹಾಲ್‌ಗೆ ಒಂದು ತಾರೀಕಿಗೆ ಒಂದೇ ಬುಕಿಂಗ್ ಅಂತ ಯೂನಿಕ್ ನಿಯಮ ಇಟ್ಟಿರುತ್ತೀರಿ, ಇಡಲೇಬೇಕು. ಗಡುವು ದಾಟಿದ ಹಳೆಯ ಸಾಲು ಇನ್ನೂ ಅಲ್ಲೇ ಇದ್ದರೆ ಹೊಸ ಬುಕಿಂಗ್ ಆ ನಿಯಮಕ್ಕೆ ಎಡವುತ್ತದೆ. ಹಾಗಾಗಿ ಹೊಸ ಬುಕಿಂಗ್‌ನ ಟ್ರಾನ್ಸಾಕ್ಷನ್ ಮೊದಲು ಆ ತಾರೀಕಿನ ಗಡುವು ದಾಟಿದ ಪೆನ್ಸಿಲ್ ಸಾಲನ್ನು ತಾನೇ ಅಳಿಸಿ, ಆಮೇಲೆ ತನ್ನದನ್ನು ಬರೆಯಲಿ. ರಬ್ಬರ್ ಯಾರ ಕೈಯಲ್ಲಿದ್ದರೇನು!

ಕೊನೇ ನಿಮಿಷದ ಯುಪಿಐ ಇನ್ನೊಂದು ತಲೆನೋವು. ಗಡುವಿಗೆ ಎರಡು ನಿಮಿಷ ಇರುವಾಗ ಪಾರ್ಟಿ ದುಡ್ಡು ಕಳಿಸುತ್ತಾರೆ. ಪೇಮೆಂಟ್ ಪೆಂಡಿಂಗ್ ಅಂತ ತೋರಿಸುತ್ತದೆ. ಐದು ನಿಮಿಷ ಬಿಟ್ಟು ಸಕ್ಸಸ್ ಆಗುತ್ತದೆ. ಅಷ್ಟರಲ್ಲಿ ತಾರೀಕು ಬೇರೆಯವರ ಪಾಲು. ಹೀಗಾಗದಿರಲು, ಪಾರ್ಟಿ ಹಣ ಕಟ್ಟುವ ಬಟನ್ ಒತ್ತಿದ ಕೂಡಲೇ ಗಡುವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ. ಒಂದು ಬುಕಿಂಗ್‌ಗೆ ಒಂದೇ ಸಲ ಹೀಗೆ. ಇಲ್ಲದಿದ್ದರೆ ಸುಮ್ನೆ ಬಟನ್ ಒತ್ತುತ್ತಾ ತಾರೀಕು ಹಿಡಿದು ಕೂರುವ ಜಾಣರೂ ಇದ್ದಾರೆ.

ಗಂಟೆ, ತಾರೀಕು, ಮುಹೂರ್ತ

ಹೊತ್ತನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, ಉಳಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಟೈಮ್‌ಜೋನ್ ಸಹಿತ ಇರುವ ಟೈಮ್‌ಸ್ಟ್ಯಾಂಪ್ ಬಳಸಿ. ತೋರಿಸುವಾಗ, ಲೆಕ್ಕ ಹಾಕುವಾಗ ಏಷ್ಯಾ-ಕೋಲ್ಕತಾ ಜೋನ್‌ಗೆ ತನ್ನಿ. ನಮ್ಮ ಬೆಳಿಗ್ಗೆ 9 ಗಂಟೆ ಅಂದರೆ ಯುಟಿಸಿಯಲ್ಲಿ 3:30. ನಮ್ಮಲ್ಲಿ ಬೇಸಿಗೆಗೆ ಒಂದು, ಚಳಿಗೆ ಒಂದು ಅಂತ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದ್ದರಿಂದ ಅರ್ಧ ಗಂಡಾಂತರ ತಪ್ಪಿದೆ.

ಉಳಿದರ್ಧ 'ಹಿಂದಿನ ದಿನ' ಅನ್ನುವ ಮಾತಿನಲ್ಲಿದೆ. ಭಾನುವಾರ ಬೆಳಗಿನ ಜಾವ 5ಕ್ಕೆ ಬ್ರಾಹ್ಮಿ ಮುಹೂರ್ತ ಅಂತಿಟ್ಟುಕೊಳ್ಳಿ. ಯುಟಿಸಿಯಲ್ಲಿ ಅದು ಶನಿವಾರ ರಾತ್ರಿ 11:30. ಸರ್ವರ್ ಯುಟಿಸಿಯಲ್ಲೇ 'ಹಿಂದಿನ ದಿನ' ಲೆಕ್ಕ ಹಾಕಿದರೆ ಶುಕ್ರವಾರ ಬರುತ್ತದೆ. ಛತ್ರದ ಹುಡುಗರು ಒಂದು ದಿನ ಮುಂಚೆಯೇ ಸಿಲಿಂಡರ್ ಇಳಿಸಿಕೊಂಡು ಕೂರುತ್ತಾರೆ. ಮಧ್ಯಾಹ್ನದ ಮುಹೂರ್ತ ಇಟ್ಟು ಟೆಸ್ಟ್ ಮಾಡಿದರೆ ಇದು ಕಣ್ಣಿಗೇ ಬೀಳುವುದಿಲ್ಲ. ಮೊದಲು ನಮ್ಮ ಜೋನ್‌ಗೆ ತಂದು, ತಾರೀಕು ತೆಗೆದು, ಒಂದು ದಿನ ಕಳೆದು, 9 ಗಂಟೆ ಇಟ್ಟು, ಆಮೇಲೆ ಯುಟಿಸಿಗೆ ತಿರುಗಿಸಿ. ಕ್ರಮ ಇದೇ ಇರಲಿ.

48 ಗಂಟೆ ಅಂದರೆ ಖಡಾಖಂಡಿತ 48 ಗಂಟೆಯಾ ಅಂತ ಮ್ಯಾನೇಜರ್‌ನ ಕೇಳಿದೆ. ರಾತ್ರಿ ಹನ್ನೊಂದಕ್ಕೆ ಬುಕ್ ಮಾಡಿದವರ ಗಡುವು ರಾತ್ರಿ ಹನ್ನೊಂದಕ್ಕೇ ಮುಗಿಯಬೇಕಾ? ಅವರು ನಕ್ಕರು. "ಅಷ್ಟೊತ್ನಲ್ಲಿ ಯಾರವ್ವ ದುಡ್ಡು ತತ್ತಾರೆ? ಮಾರ್ನೆ ದಿನ ಸಂಜೆ ಆಫೀಸ್ ಬಾಗ್ಲಾಕೊ ಹೊತ್ಗೆ ಅಂತ ಇಟ್ಬುಡು." ಹಾಗಾಗಿ ಗಡುವು ಎಷ್ಟು ಹೊತ್ತಿಗೇ ಬಿದ್ದರೂ ಅದರ ನಂತರದ ಸಂಜೆ 6ಕ್ಕೆ ಸರಿಸುತ್ತೇನೆ. ಎಚ್ಚರಿಕೆ ಮೆಸೇಜ್ ಆರು ಗಂಟೆ ಮುಂಚೆ, ಅಂದರೆ ಮಧ್ಯಾಹ್ನ 12ಕ್ಕೆ. ಯಾರ ನಿದ್ದೆಯೂ ಕೆಡುವುದಿಲ್ಲ. ಇಂಥ ಪ್ರಶ್ನೆಗಳನ್ನು ಕೋಡ್ ಬರೆಯುವ ಮುಂಚೆಯೇ ಕೇಳಿ. ವ್ಯವಹಾರದವರ ಹತ್ತಿರ ಉತ್ತರ ರೆಡಿ ಇರುತ್ತದೆ.

ಸೋತಾಗ, ತಡವಾದಾಗ

ಎಸ್‌ಎಂಎಸ್ ಹೋಗಲಿಲ್ಲ ಅಂದರೆ ತಕ್ಷಣ ಮತ್ತೆ ಮತ್ತೆ ಬಡಿಯಬೇಡಿ. ಒಂದು ನಿಮಿಷ ಬಿಟ್ಟು, ಐದು ನಿಮಿಷ ಬಿಟ್ಟು, ಅರ್ಧ ಗಂಟೆ ಬಿಟ್ಟು. ಆಮೇಲೂ ಆಗದಿದ್ದರೆ 'ಸೋತಿತು' ಅಂತ ಬರೆದು ಮನುಷ್ಯನ ಕಣ್ಣಿಗೆ ಬೀಳಿಸಿ. ಮತ್ತೆ ಪ್ರಯತ್ನ ಅಂದರೆ ಬೇರೇನಿಲ್ಲ, ಓಡುವ ಹೊತ್ತನ್ನು ಮುಂದಕ್ಕೆ ಹಾಕಿ ಸ್ಥಿತಿಯನ್ನು 'ಕಾಯುತ್ತಿದೆ'ಗೆ ತರುವುದು. ಮೆಸೇಜ್‌ನ ಟೆಂಪ್ಲೇಟ್ ಡಿಎಲ್‌ಟಿಯಲ್ಲಿ (ವ್ಯವಹಾರದ ಎಸ್‌ಎಂಎಸ್‌ಗಳನ್ನು ಮೊದಲೇ ನೋಂದಾಯಿಸುವ ವ್ಯವಸ್ಥೆ) ನೋಂದಣಿ ಆಗಿಲ್ಲ, ನಂಬರ್‌ನಲ್ಲಿ ಒಂಬತ್ತೇ ಅಂಕಿ ಇದೆ, ಇಂಥ ಎರರ್‌ಗಳಿಗೆ ಎಷ್ಟು ಸಲ ಪ್ರಯತ್ನಪಟ್ಟರೂ ಅಷ್ಟೇ. ಅವುಗಳನ್ನು ಮೊದಲ ಸಲವೇ ಸೋಲಿಸಿ.

ಇನ್ನು 'ಇಷ್ಟು ಹೊತ್ತು ದಾಟಿದರೆ ಬೇಡ' ಕಾಲಂ. ಸರ್ವರ್ ಒಂದು ದಿನ ಮಲಗಿ ಎದ್ದರೆ ಹೊತ್ತು ಮೀರಿದ ಸಾಲುಗಳೆಲ್ಲ ಒಟ್ಟಿಗೆ ಓಡುತ್ತವೆ. ಡೆಪಾಸಿಟ್ ಸೂಚನೆ ಒಂದು ದಿನ ತಡವಾದರೂ ಉಪಯೋಗ ಇದೆ. 'ನಾಳೆ ಫಂಕ್ಷನ್' ಪಟ್ಟಿ ಮದುವೆ ಊಟ ಬಡಿಸುವಾಗ ಬಂದರೆ ನಗೆಪಾಟಲು. ಪ್ರತಿ ಕೆಲಸಕ್ಕೂ ಅದರ ಆಯಸ್ಸು ಎಷ್ಟು ಅಂತ ನಿಗದಿ ಮಾಡುವಾಗಲೇ ಬರೆದಿಡಿ.

ರೆಡಿ ಸಿಗುವ ಸಾಮಾನು

ಇದನ್ನೆಲ್ಲ ಕೈಯಾರೆ ಬರೆಯಬೇಕು ಅಂತ ಏನಿಲ್ಲ. ಪೋಸ್ಟ್‌ಗ್ರೆಸ್ ಮೇಲೆ ಕೂರುವ ಲೈಬ್ರರಿಗಳು ಇವೆ: ನೋಡ್‌ಗೆ ಪಿಜಿ-ಬಾಸ್, ರೂಬಿಗೆ ಗುಡ್‌ಜಾಬ್, ಎಲಿಕ್ಸಿರ್‌ಗೆ ಓಬನ್. ರೂಬಿಯ ವೆಬ್ ಚೌಕಟ್ಟು ರೈಲ್ಸ್ 8 ಬಂದಾಗಿನಿಂದ ಡೇಟಾಬೇಸ್‌ನಲ್ಲೇ ಕೆಲಸ ಇಡುವ ಸಾಲಿಡ್ ಕ್ಯೂ ಅಲ್ಲಿನ ಮಾಮೂಲಿ ಆಯ್ಕೆ. ಪಿಎಚ್‌ಪಿಯ ಲಾರಾವೆಲ್‌ನಲ್ಲೂ ಡೇಟಾಬೇಸ್ ಕ್ಯೂ ಇದೆ, ಕೆಲಸಕ್ಕೆ ಡಿಲೇ ಹಾಕಬಹುದು. ಟೇಬಲ್ ದಾರಿ ಬಡವರ ದಾರಿ ಅಂತ ಯಾರಾದರೂ ಮೂಗು ಮುರಿದರೆ ಈ ಹೆಸರುಗಳನ್ನು ಹೇಳಿ.

ಬೇರೆ ಸಾಮಾನು ತೆಗೆದುಕೊಳ್ಳುವಾಗ ಅದರ ಮಿತಿಯನ್ನು ಮೊದಲು ಓದಿ. ಅಮೆಜಾನ್‌ನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲಿ ಮೆಸೇಜ್ ತಡಮಾಡಬಹುದಾದ್ದು 15 ನಿಮಿಷ ಮಾತ್ರ. ಎರಡು ದಿನದ ಕೆಲಸಕ್ಕೆ ಅದು ಆಗದು. ಅಲ್ಲೇ ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್ ಅಂತ 2022ರಲ್ಲಿ ಬಂದದ್ದು ಒಂದೇ ಸಲದ ಕೆಲಸಕ್ಕೆ ಸರಿಹೋಗುತ್ತದೆ. ಗೂಗಲ್‌ನ ಕ್ಲೌಡ್ ಟಾಸ್ಕ್ಸ್‌ನಲ್ಲಿ 30 ದಿನದ ಮಿತಿ. ವರ್ಡ್‌ಪ್ರೆಸ್‌ನ ಒಂದೇ ಸಲದ ಈವೆಂಟ್‌ಗಳು ಯಾರಾದರೂ ಸೈಟ್‌ಗೆ ಬಂದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಆಷಾಢದಲ್ಲಿ ಛತ್ರದ ಸೈಟ್‌ಗೆ ಯಾರು ಬರುತ್ತಾರೆ ಹೇಳಿ. ಅಲ್ಲಿ ಸರ್ವರ್‌ನ ನಿಜವಾದ ಕ್ರಾನ್‌ನಿಂದಲೇ ಅದನ್ನು ಎಬ್ಬಿಸಬೇಕು.

ಪೈಥಾನ್‌ನವರಿಗೆ ಸೆಲರಿ ಅನ್ನುವ ಕ್ಯೂ ಲೈಬ್ರರಿ ಬಗ್ಗೆ ವಿಶೇಷ ಎಚ್ಚರಿಕೆ. ಅದರಲ್ಲಿ ಕೌಂಟ್‌ಡೌನ್ (ಎಷ್ಟು ಹೊತ್ತು ಬಿಟ್ಟು) ಅಥವಾ ಇಟಿಎ (ಯಾವ ಹೊತ್ತಿಗೆ) ಕೊಟ್ಟರೆ ಕೆಲಸ ತಕ್ಷಣ ವರ್ಕರ್ ಕೈಗೆ ಹೋಗಿ, ಅದರ ಮೆಮೊರಿಯಲ್ಲಿ ಹೊತ್ತಿಗಾಗಿ ಕಾಯುತ್ತದೆ. ಸೆಲರಿಯ ಹಿಂದೆ ಕ್ಯೂ ಆಗಿ ರೆಡಿಸ್ ಇದ್ದರೆ, ವಿಸಿಬಿಲಿಟಿ ಟೈಮ್‌ಔಟ್ ಮಾಮೂಲಿಯಾಗಿ ಒಂದು ಗಂಟೆ. ಅಷ್ಟರಲ್ಲಿ ಮುಗಿಯದ ಕೆಲಸ ಕಳೆದುಹೋಯಿತು ಅಂತ ತಿಳಿದು ಇನ್ನೊಮ್ಮೆ ಹಂಚಲಾಗುತ್ತದೆ. 48 ಗಂಟೆಯ ಕೆಲಸ ಹೀಗೆ ಮತ್ತೆ ಮತ್ತೆ ಹಂಚಿಕೆಯಾಗಿ ಪಾರ್ಟಿಗೆ ಮೆಸೇಜ್‌ಗಳ ಮಳೆ. ಕೆಲವು ನಿಮಿಷದ ತಡಕ್ಕೆ ಸೆಲರಿ ಸೊಗಸು. ದಿನಗಳ ಲೆಕ್ಕಕ್ಕೆ ಟೇಬಲ್ ಇಟ್ಟು, ಹೊತ್ತಾದ ಮೇಲೆ ಸೆಲರಿಗೆ ಕೊಡಿ.

ಪರೀಕ್ಷೆ, ಕಾವಲು

ಟೆಸ್ಟ್ ಮಾಡಲು ಎರಡು ದಿನ ಕಾಯುವುದು ಮೂರ್ಖತನ. ಕೋಡ್‌ನಲ್ಲಿ 'ಈಗ' ಅನ್ನುವುದನ್ನು ನೇರವಾಗಿ ಸಿಸ್ಟಂನಿಂದ ಓದದೆ, ಹೊರಗಿನಿಂದ ಕೊಡುವ ಹಾಗೆ ಬರೆಯಿರಿ. ಟೆಸ್ಟ್‌ನಲ್ಲಿ ಬೇಕಾದ ಹೊತ್ತು ಕೊಡಬಹುದು. ಟೆಸ್ಟ್ ಸರ್ವರ್‌ನಲ್ಲಿ ಇನ್ನೂ ಸುಲಭ, ಸಾಲಿನ ಹೊತ್ತನ್ನೇ ಹಿಂದಕ್ಕೆ ತಿದ್ದಿ. ಕೆಲಸ ಅರ್ಧ ಆಗಿರುವಾಗ ವರ್ಕರ್‌ನ ಕಿಲ್ ಮೈನಸ್ 9 ಹೊಡೆದು ಸಾಯಿಸಿ. ಮತ್ತೆ ಎಬ್ಬಿಸಿದಾಗ ಹತ್ತು ನಿಮಿಷದಲ್ಲಿ ಆ ಸಾಲು ವಾಪಸ್ ಬಂದು ಸರಿಯಾಗಿ ಮುಗಿಯಿತಾ ನೋಡಿ. ಬೆಳಗಿನ ಜಾವದ ಮುಹೂರ್ತದ ಟೆಸ್ಟ್ ಮರೆಯಬೇಡಿ.

ವರ್ಕರ್ ಸತ್ತರೆ ಹೇಳುವವರು ಯಾರು? ತಾನು ಸತ್ತೆ ಅಂತ ಅದು ತಾನೇ ಹೇಳಲಾರದು. ಹೊರಗಿನ ಒಂದು ಕಾವಲು ಸೇವೆಗೆ ವರ್ಕರ್ ಪ್ರತಿ ಸುತ್ತಿನಲ್ಲೂ ಒಂದು ಪಿಂಗ್ ('ಬದುಕಿದ್ದೇನೆ' ಅನ್ನುವ ಸಣ್ಣ ಸಂಕೇತ) ಕಳಿಸಲಿ. ಹತ್ತು ನಿಮಿಷ ಪಿಂಗ್ ಬರದಿದ್ದರೆ ಆ ಸೇವೆ ನಿಮಗೆ ಫೋನ್ ಮಾಡಲಿ. ನೋಡಬೇಕಾದ ಅಂಕಿ ಒಂದೇ: ಹೊತ್ತು ಮೀರಿಯೂ ಕಾಯುತ್ತಿರುವ ಅತಿ ಹಳೆಯ ಸಾಲು ಎಷ್ಟು ನಿಮಿಷ ತಡವಾಗಿದೆ.

ಅಡ್ಮಿನ್‌ನಲ್ಲಿ 'ಮುಂದಿನ ಕೆಲಸಗಳು' ಅಂತ ಒಂದು ಪುಟ ಮಾಡಿಕೊಡಿ. ಯಾವ ಪಾರ್ಟಿ, ಏನು, ಯಾವಾಗ. ಪ್ರತಿ ಸಾಲಿಗೂ ಎರಡು ಬಟನ್: ಈಗಲೇ ಮಾಡು, ಬೇಡ. ಛತ್ರದ ಮ್ಯಾನೇಜರ್ ದಿನಾ ಬೆಳಿಗ್ಗೆ ತೆರೆಯುವುದು ಈ ಪುಟವನ್ನೇ. ಗೊತ್ತಿರುವ ಪಾರ್ಟಿ ಆದರೆ 'ಬೇಡ' ಒತ್ತಿ, ಗಡುವು ತಿದ್ದಿ ಇನ್ನೊಂದು ದಿನ ಕೊಡುತ್ತಾರೆ. ಸಂಬಂಧಗಳ ಲೆಕ್ಕ ಆಪ್‌ಗೆ ಗೊತ್ತಾಗುವುದಿಲ್ಲ, ಅದನ್ನು ಅವರಿಗೇ ಬಿಡುವುದು ಸರಿ.

ಮುಗಿದ ಸಾಲುಗಳನ್ನು ಕೂಡಲೇ ಅಳಿಸಬೇಡಿ. "ನಮಗೆ ಮೆಸೇಜೇ ಬಂದಿಲ್ಲ, ಹೆಂಗ್ ಕ್ಯಾನ್ಸಲ್ ಮಾಡುದ್ರಿ?" ಅಂತ ಜಗಳಕ್ಕೆ ಬರುವವರು ತಿಂಗಳು ಬಿಟ್ಟೂ ಬರುತ್ತಾರೆ. ಯಾವ ನಂಬರ್‌ಗೆ, ಎಷ್ಟು ಹೊತ್ತಿಗೆ ಹೋಯಿತು, ಗೇಟ್‌ವೇ ಏನು ಉತ್ತರ ಕೊಟ್ಟಿತು ಅನ್ನುವುದನ್ನು ಆ ಸಾಲಿನಲ್ಲೇ ಬರೆದಿಟ್ಟು, 90 ದಿನ ಇಟ್ಟುಕೊಳ್ಳಿ. ಅದಾದ ಮೇಲೆ ಅಳಿಸುವುದಕ್ಕೆ ರಾತ್ರಿ ಹೊತ್ತು ಓಡುವ ಒಂದು ಕ್ರಾನ್ ಸಾಕು, ಅದು ದಿನಾ ಇರುವ ಕೆಲಸ.